ಬೇಲದ ಮರಕ್ಕೆ ಹೊಣೆ

ತಮಿಳರ ಮಾಸಿ ತಿಂಗಳು, ಅಂದರೆ ನಮ್ಮ ಮಾಘ ಮುಗಿಯುವ ಹೊತ್ತು, ಕಾಲಿಟ್ಟರೆ ನಮ್ಮ ಹಿತ್ತಲನ್ನು ಯಾರೂ ಎಬ್ಬಿಸಬೇಕಾಗಿಲ್ಲ. ಮಾವು ಅದರ ಹಿಂದಿನ ತೈ ತಿಂಗಳಲ್ಲೇ ಹೂ ಬಿಟ್ಟಿರುತ್ತದೆ. ಮಾಸಿಯ ಹೊತ್ತಿಗೆ ಬುಡದಲ್ಲಿ ಸಾಸಿವೆಯಷ್ಟಷ್ಟು ಮಿಡಿ ಉದುರಿ ಬಿದ್ದಿರುತ್ತವೆ. ಬೇವು ಹಳೆಯ ಎಲೆಯನ್ನೆಲ್ಲ ಅಂಗಳಕ್ಕೆ ಸುರಿದು, ಗುಡಿಸುವವಳ ಸೊಂಟ ಮುರಿದು, ಆಮೇಲೆ ತನಗೇನೂ ಗೊತ್ತೇ ಇಲ್ಲ ಎನ್ನುವ ಹಾಗೆ ತಾಮ್ರದ ಬಣ್ಣದ ಚಿಗುರು ತೊಟ್ಟು ನಿಲ್ಲುತ್ತದೆ. ಹೊಂಗೆಯದು ಇನ್ನೂ ಅವಸರ, ನಿನ್ನೆ ಬೋಳು, ಇವತ್ತು ಎಳೆ ಹಸಿರು. ಆಡುಸೋಗೆಯ ಬೇಲಿಯ ಬಿಳಿ ಹೂವಿಗೆ ಸೂರಕ್ಕಿಗಳು ಬೆಳಗಾಗುವ ಮೊದಲೇ ಜಗಳಕ್ಕೆ ನಿಂತಿರುತ್ತವೆ.

ಈ ವರ್ಷವೂ ಎಲ್ಲ ಹಾಗೆಯೇ ಆಯಿತು. ಒಂದಕ್ಕಾದರೂ ನಾಚಿಕೆ ಇಲ್ಲ. ನೆಟ್ಟವರು ಹೋಗಿದ್ದಾರೆ, ಈ ಒಂದು ವರ್ಷ ಸ್ವಲ್ಪ ತಡೆದು ಚಿಗುರೋಣ ಎಂದು ಯಾವ ಮರಕ್ಕೂ ಅನ್ನಿಸಲಿಲ್ಲ. ಬೆಳಿಗ್ಗೆ ಪೊರಕೆ ಹಿಡಿದು ಹಿತ್ತಲಿಗೆ ಇಳಿದರೆ ನನಗೆ ಮೊದಲು ಬರುವುದು ಸಿಟ್ಟು. ಅಳು ಬರುವುದು ಆಮೇಲೆ, ಒಲೆಯ ಮುಂದೆ.

ನಮ್ಮ ಮನೆ ಕೊಯಮತ್ತೂರಿನ ಪಕ್ಕದ ಸೂಲೂರಿನ ಹೊರಗೆ, ಪವರ್‌ಲೂಮ್ ಶೆಡ್ಡುಗಳ ಸಾಲು ಮುಗಿದು ಹೊಲಗಳು ಶುರುವಾಗುವ ಕಡೆ ಇದೆ. ನನ್ನ ಗಂಡ ಇಲ್ಲಿಯ ಒಂದು ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಕಡೆಯವರು ತಲೆತಲಾಂತರದಿಂದ ಈ ಸೀಮೆಯಲ್ಲಿರುವ ಕನ್ನಡದ ಒಕ್ಕಲು ಜನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಬಂದವಳು. ಬಂದ ಹೊಸದರಲ್ಲಿ ನಾನು ಬಾಯಿ ತೆರೆದರೆ ಸಾಕು, ಯಾರೋ ರೇಡಿಯೋ ಹಾಕಿದರೆಂದು ಅವರು ಕಿವಿಯ ಹತ್ತಿರ ಗುಂಡಿ ತಿರುಗಿಸುವ ಅಭಿನಯ ಮಾಡಿ ನಗುತ್ತಿದ್ದರು. ಜೀವನವೆಲ್ಲ ಕನ್ನಡ ಮಾತಾಡಿದರೂ ಅವರಿಗೆ ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ. ಧಾರಾಪುರಂನಲ್ಲಿರುವ ಮಗಳಿಗೂ ಬರುವುದಿಲ್ಲ. ನಾನು ಈಗ ಇಲ್ಲಿ ಕೂತು ಬರೆಯುತ್ತಿರುವುದನ್ನು ಓದುವವರು ಈ ಮನೆಯಲ್ಲಿ ನನ್ನ ಬಿಟ್ಟು ಯಾರೂ ಇಲ್ಲ, ಅದರಿಂದ ಒಂದು ಧೈರ್ಯವೂ ಇದೆ.

ಹಿತ್ತಲು ಪೂರ್ತಿ ಅವರದು. ಗಿರಣಿಯಿಂದ ಬಂದವರು ಮೈಗೆ ಅಂಟಿದ ಹತ್ತಿಯ ಎಳೆಗಳನ್ನು ತೊಳೆಯುವುದಕ್ಕೂ ಮೊದಲು ಗಿಡಗಳಿಗೆ ನೀರು ಬಿಡುತ್ತಿದ್ದರು. ನರ್ಸರಿಯಿಂದ ಕುಂಡದಲ್ಲಿ ಬರುವ ಹೂವಿನ ಗಿಡಗಳೆಂದರೆ ಅವರಿಗೆ ತಾತ್ಸಾರ. ಈ ನೆಲದ ಗಿಡ, ಈ ನೆಲದ ಉಪ್ಪುನೀರು ಕುಡಿದು ಬದುಕುವ ಗಿಡ ಮಾತ್ರ ಬೇಕು. ಸೀತಾಫಲ, ನೆಲ್ಲಿ, ಬಿಲ್ವ, ನೇರಳೆ, ಬೇಲಿಗೆ ಆಡುಸೋಗೆ, ಗೇಟಿನ ಪಕ್ಕ ಒಂದು ತಂಗಡಿ. ನಾನು ಹಟ ಮಾಡಿ ತಂದ ಗುಲಾಬಿಯನ್ನು ಮಾತ್ರ ಅತಿಥಿ ಎಂದು ಮೂಲೆಯಲ್ಲಿ ಇಟ್ಟಿದ್ದರು. ಅದು ಎರಡನೆಯ ಬೇಸಿಗೆಗೆ ಒಣಗಿತು. ಅವರು ಮೀಸೆಯಲ್ಲಿ ನಕ್ಕಿದ್ದು ನನಗೆ ಗೊತ್ತು.

ಹಿತ್ತಲ ಕೊನೆಯ ಮೂಲೆಯಲ್ಲಿರುವುದು ಬೇಲದ ಮರ. ಈ ಮನೆಗೆ ಬಂದ ವರ್ಷ ಬೆಲ್ಲ ಕಲಸಿ ಬೇಲದ ಹಣ್ಣು ತಿಂದು, ಅದರ ಬೀಜವನ್ನು ಅವರೇ ಬೂದಿಯಲ್ಲಿ ಉಜ್ಜಿ ಮಣ್ಣಿಗೆ ಹಾಕಿದ್ದು. ಗಿಡ ಹುಟ್ಟಿತು, ಮರವಾಯಿತು, ಮುಳ್ಳು ಬಿಟ್ಟಿತು, ನೆರಳು ಕೊಟ್ಟಿತು. ಎಲೆ ಹಿಸುಕಿದರೆ ಸೋಂಪಿನಂಥ ವಾಸನೆ. ಇಷ್ಟೆಲ್ಲ ಇದ್ದೂ ಕಾಯಿ ಮಾತ್ರ ಇಲ್ಲ. ಬೇಲ ನಿಧಾನದ ಮರ, ಬೀಜದಿಂದ ಬಂದದ್ದು ಇನ್ನೂ ನಿಧಾನ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಮಗಳು ಹುಟ್ಟಿ, ಓದಿ, ಮದುವೆಯಾಗಿ ಹೋದರೂ ಈ ಮರ ಒಂದು ಕಾಯಿ ತೋರಿಸಲಿಲ್ಲವಲ್ಲ ಎಂದರೆ ಅದಕ್ಕೆ ನಿಧಾನ ಎನ್ನುವುದಿಲ್ಲ, ಮೊಂಡುತನ ಎನ್ನುತ್ತಾರೆ.

ಮೊಂಡು ಮರಕ್ಕೆ ಮದ್ದು ನನ್ನ ಅತ್ತೆಗೆ ಗೊತ್ತಿತ್ತು. ಯುಗಾದಿಯ ಹಿಂದಿನ ಅಮಾವಾಸ್ಯೆಯ ಬೆಳಿಗ್ಗೆ, ಆ ಹೊತ್ತಿಗೂ ಹೂ ಬಿಡದ ಹಣ್ಣಿನ ಮರವನ್ನು ಬೆದರಿಸುವ ಪದ್ಧತಿ ಇವರ ಮನೆತನದಲ್ಲಿದೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಮಚ್ಚು ಎತ್ತಿಕೊಂಡು ಮರದ ಮುಂದೆ ನಿಂತು ಬೈಯಬೇಕು. ಇನ್ನೊಬ್ಬರು ಓಡಿಬಂದು ಮಚ್ಚು ಎತ್ತಿದ ಕೈಯನ್ನು ಹಿಡಿದುಕೊಂಡು ಮರದ ಪರವಾಗಿ ಹೊಣೆ ನಿಲ್ಲಬೇಕು. ಅತ್ತೆ ಮಚ್ಚು ಹಿಡಿಯುವವರು, ನಾನು ಓಡಿಬರುವವಳು.

"ಇಷ್ಟು ವರ್ಷ ನನ್ ನೀರು ಕುಡ್ದೆ. ಒಂದ್ ಕಾಯಿ ಕೊಟ್ಟಿಲ್ಲ. ಇವತ್ತು ಕಡ್ದಾಕ್ತೀನಿ!" ಎಂದು ಅತ್ತೆ ಕೂಗಿದರೆ ಬೀದಿಯ ನಾಯಿ ಎದ್ದು ಓಡಬೇಕು, ಹಾಗೆ.

ನಾನು ಓಡಿಹೋಗಿ ಕೈ ಹಿಡಿಯುತ್ತಿದ್ದೆ. "ಬಿಡಿ, ಕಡಿಯಬೇಡಿ. ಬರುವ ವರ್ಷ ಕಾಯಿ ಬಿಡುತ್ತದೆ. ನಾನು ಹೊಣೆ."

"ಬುಡದಿದ್ರೆ?"

"ಬಿಡದಿದ್ದರೆ ಬಂದು ನನ್ನನ್ನು ಕೇಳಿ."

ಅಷ್ಟಾದ ಮೇಲೆ ಮಚ್ಚನ್ನು ಬುಡದಲ್ಲಿ ಮಲಗಿಸಿ, ಅರಿಸಿನದ ನೀರು ಹೊಯ್ದು, ಬೆದರಿಸಿದವರೇ ಮರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಮೊದಲ ಸಲ ನನಗೆ ನಗು ತಡೆಯಲಿಕ್ಕಾಗಲಿಲ್ಲ. ಅತ್ತೆ ತಿರುಗಿ ನೋಡಿದರು.

"ಇದು ಆಟ ಅಲ್ಲ ಕಣ್ಣು. ಅರುವಾ ಎತ್ತಿದ್ರೆ ನೆಜಮಾ ಕಡಿಯೋಂಗೆ ಎತ್ತಬೇಕು. ಪೊರುಪ್ಪು ಅಂದ್ರೆ ನೆಜಮಾ ಪೊರುಪ್ಪು. ನಡಿಪ್ಪು ಮಾಡಿದ್ರೆ ಮರಕ್ಕೆ ಗೊತ್ತಾಗ್ತದೆ."

ಅತ್ತೆ ನನ್ನನ್ನು ಮುದ್ದಿಗೆ ಕಣ್ಣು ಎನ್ನುತ್ತಿದ್ದರು, ಮಚ್ಚಿಗೆ ಅರುವಾ, ನನ್ನ ಹೊಣೆಗೆ ಪೊರುಪ್ಪು, ನಟನೆಗೆ ನಡಿಪ್ಪು. ಪಡಸಾಲೆಯಲ್ಲಿ ಕೂತು ನೋಡುತ್ತಿದ್ದ ನನ್ನ ಗಂಡ ಅಲ್ಲಿಂದಲೇ, ಈ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಕರೆಯುವ ಹಾಗೆ ಅಮ್ಮಿಣಿ ಎಂದು ಕರೆದು, ನನ್ನನ್ನು ರೇಗಿಸುತ್ತಿದ್ದರು.

"ನಿನ್ ರೇಡಿಯೋ ಕನ್ನಡ ಅದಕ್ಕೆ ಪುರಿಯಲ್ಲ ಅಮ್ಮಿಣಿ. ಹೊಣೆ, ಹೊಣೆ ಅಂದ್ರೆ ಏನ್ ಅಂತ ಪಾಪ ಅದು ಮುಳ್ಳು ಕೆರ್ಕೊಂಡು ಯೋಚ್ನೆ ಮಾಡ್ತಾ ನಿಂತದೆ. ಅದ್ಕೇ ಕಾಯಿಲ್ಲ."

ಅತ್ತೆ ಹೋದ ಮೇಲೆ ಮಚ್ಚು ಅವರ ಕೈಗೆ ಬಂತು. ನಾನು ಹೊಣೆಯಾಗಿಯೇ ಉಳಿದೆ. ನೀರು ಹಾಕಿದ ಮರದ ಮೇಲೆ ಮಚ್ಚೆತ್ತುವುದು ನನ್ನಿಂದಾಗದು ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ. ಅವರಿಗೆ ಅದು ಅನುಕೂಲವೇ ಆಯಿತು. ಯಾಕೆಂದರೆ ಹೊಣೆ ನಿಲ್ಲುವುದು ಅವರ ಸ್ವಭಾವಕ್ಕೆ ಒಗ್ಗದ ಕೆಲಸ.

ಅದನ್ನು ಸ್ವಲ್ಪ ಹೇಳಬೇಕು. ನನ್ನ ಗಂಡ ಮಾತು ಕೊಡುತ್ತಿರಲಿಲ್ಲ. ಮದುವೆಗೆ ಕರೆಯಲು ಬಂದವರಿಗೂ "ಬರ್ತೀನಿ" ಎನ್ನುತ್ತಿರಲಿಲ್ಲ, "ನೋಡಾಣ" ಎನ್ನುತ್ತಿದ್ದರು. ಸಂಜೆ ಬರುವಾಗ ಕೊತ್ತಂಬರಿ ತನ್ನಿ ಎಂದರೂ "ಸಿಕ್ಕಿದ್ರೆ". ನನಗೆ ರೇಗಿಹೋಗುತ್ತಿತ್ತು. ಒಂದು ಕಟ್ಟು ಕೊತ್ತಂಬರಿಗೂ ಜಾತಕ ನೋಡಬೇಕೇ ಎಂದು ಜಗಳ ತೆಗೆಯುತ್ತಿದ್ದೆ. ಆದರೆ ಅವರು "ಆಗ್ಲಿ" ಎಂದರೆ ಮುಗಿಯಿತು, ಅದು ಆಗಲೇಬೇಕು. ಮಗಳಿಗೆ ಒಮ್ಮೆ ಬೆಟ್ಟದ ರೈಲು ಹತ್ತಿಸುತ್ತೇನೆ ಎಂದು ಬಾಯಿ ತಪ್ಪಿ ಹೇಳಿ, ಜ್ವರದಲ್ಲಿ ಮೈ ಸುಡುತ್ತಿದ್ದರೂ ಕಂಬಳಿ ಹೊದ್ದು ನಮ್ಮನ್ನು ಮೆಟ್ಟುಪಾಳ್ಯಂಗೆ ಕರೆದುಕೊಂಡು ಹೋಗಿದ್ದರು. ರೈಲು ಬೆಟ್ಟ ಹತ್ತುವಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿದ್ದರು. ಮಗಳು "ಅಪ್ಪಾ ನೋಡು" ಎಂದಾಗಲೆಲ್ಲ ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ಕೊಟ್ಟ ಮಾತನ್ನು ಅವರು ಮುರಿದದ್ದು ನಾನು ಕಂಡಿಲ್ಲ.

ಕೆಮ್ಮು ಶುರುವಾದದ್ದು ಕೆಲಸ ಬಿಟ್ಟ ಮೇಲೆ. ಮೊದಲು ನಾನು ಆಡುಸೋಗೆಯ ಎಲೆ, ಮೆಣಸು, ಬೆಲ್ಲ ಹಾಕಿ ಕಷಾಯ ಕಾಯಿಸಿ ಕೊಟ್ಟೆ. ಕೆಮ್ಮು ಕಡಿಮೆಯಾಗಲಿಲ್ಲ, ಬೇಲಿಯ ಎಲೆ ಕಡಿಮೆಯಾಯಿತು. ಕೊಯಮತ್ತೂರಿನ ಡಾಕ್ಟರು ಎದೆಯ ಫೋಟೋ ತೆಗೆಸಿ, ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತಿದೆ, ಇದನ್ನು ಹಿಂದಕ್ಕೆ ತರುವ ಔಷಧಿ ಇಲ್ಲ ಎಂದರು. ಇನ್ನೆಷ್ಟು ಕಾಲ ಎಂದು ನಾನು ಕೇಳಿದ್ದಕ್ಕೆ ಅವರು ನನ್ನನ್ನೊಬ್ಬಳನ್ನೇ ಹೊರಗೆ ಕರೆದು, ಇನ್ನೊಂದು ವರ್ಷ ಅಂತ ಹೇಳಲಾರೆ ಅಮ್ಮ ಎಂದರು. ಒಳಗೆ ಹೋದಾಗ ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಏನು ಹೇಳಿದರು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ, ಈ ಸಲ ಸೀತಾಫಲದ ಒಣಕೊಂಬೆ ಸವರಬೇಕು ಎಂದಷ್ಟೇ ಮಾತಾಡಿದರು.

ಮನೆಗೆ ಆಕ್ಸಿಜನ್ ಮೆಷಿನ್ ಬಂತು. ಹಗಲೆಲ್ಲ ಒಂದು ಮೂಲೆಯಲ್ಲಿ ಗುರ್ರೆನ್ನುತ್ತಾ ಕೂತಿರುತ್ತಿತ್ತು. ಅದರ ಕೊಳವೆ ಪಡಸಾಲೆಯ ಮೆಟ್ಟಿಲು ದಾಟಿ ಕರಿಬೇವಿನ ಗಿಡದವರೆಗೆ ಮುಟ್ಟುತ್ತಿತ್ತು, ಅಷ್ಟೇ. ಇಡೀ ಹಿತ್ತಲನ್ನು ನೆಟ್ಟವರಿಗೆ ಕೊನೆಗೆ ಉಳಿದ ಹಿತ್ತಲು ಅಷ್ಟು. ಕರಿಬೇವಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಆಚೆಯ ಮರಗಳ ಸುದ್ದಿಯನ್ನು ನನ್ನ ಕೈಲಿ ಹೇಳಿಸಿಕೊಳ್ಳುತ್ತಿದ್ದರು. ನೇರಳೆಯಲ್ಲಿ ಮೊಗ್ಗಿದೆಯಾ, ಬಿಲ್ವದ ಚಿಗುರಿಗೆ ಹುಳ ಹತ್ತಿದೆಯಾ. ನಾನು ಪ್ರತಿಯೊಂದಕ್ಕೂ ಹೋಗಿ ನೋಡಿ ಬಂದು ಹೇಳುತ್ತಿದ್ದೆ. ಬೇಲದ ಮರದ್ದು ಮಾತ್ರ ಕೇಳುತ್ತಿರಲಿಲ್ಲ, ಅದರ ಉತ್ತರ ಇಬ್ಬರಿಗೂ ಬಾಯಿಪಾಠ.

ಕಳೆದ ವರ್ಷ ಯುಗಾದಿ ಹತ್ತಿರ ಬಂದಾಗ ನನಗೊಂದು ಉಪಾಯ ಹೊಳೆಯಿತು. ಉಪಾಯ ಎನ್ನಲಿಕ್ಕೂ ಈಗ ಸಂಕೋಚವಾಗುತ್ತದೆ, ಆದರೆ ಆಗ ಅದು ನನಗೆ ದೇವರೇ ಕೊಟ್ಟ ದಾರಿಯಂತೆ ಕಂಡಿತು. ಅವರ ಕೈಗೆ ಮಚ್ಚು ಎತ್ತುವ ಶಕ್ತಿ ಇಲ್ಲ. ಹಾಗಾದರೆ ಮಚ್ಚನ್ನು ನಾನು ಹಿಡಿಯಬೇಕು, ಅವರು ಹೊಣೆ ನಿಲ್ಲಬೇಕು. ಹೊಣೆ ನಿಂತರೆ ಅವರು ಹೇಳಲೇಬೇಕು, ಬರುವ ವರ್ಷಕ್ಕೆ ನಾನು ಪೊರುಪ್ಪು, ಕಾಯಿ ಬಿಡದಿದ್ದರೆ ಬಂದು ನನ್ನ ಕೇಳು ಎಂದು. ಆ ಮನುಷ್ಯನ ಬಾಯಿಂದ ಆ ಮಾತು ಒಮ್ಮೆ ಹೊರಟರೆ ಮುಗಿಯಿತು. ಬರುವ ಯುಗಾದಿಗೆ ನಾನು ಕೇಳಲು ಬಂದಾಗ ಉತ್ತರ ಹೇಳಲು ಅವರು ಇರಲೇಬೇಕು. ಡಾಕ್ಟರು ಏನು ಬೇಕಾದರೂ ಹೇಳಲಿ, ಈ ಮನುಷ್ಯ ಮಾತು ಮುರಿಯುವುದಿಲ್ಲ. ನಾನು ನಂಬಿದ್ದು ಇಷ್ಟನ್ನೇ, ಪೂರ್ತಿಯಾಗಿ ನಂಬಿದ್ದೆ.

ಹಿಂದಿನ ದಿನ ಕಾಫಿ ಕೊಡುವಾಗ ಸುಮ್ಮನೆ ಎನ್ನುವ ಹಾಗೆ ಹೇಳಿದೆ. "ನಾಳೆ ಮರ ಬೆದರಿಸಬೇಕಲ್ಲ. ನಾನೇ ಮಚ್ಚು ಹಿಡಿಯುತ್ತೇನೆ. ನೀವು ಬಂದು ತಡೆಯಿರಿ."

ಅವರು ಲೋಟದೊಳಗೆ ನೋಡಿದರು. "ನೀನು ಅರುವಾ ಎತ್ತಲ್ಲ ಅಂದೋಳು?"

"ಈ ವರ್ಷ ಎತ್ತುತ್ತೇನೆ."

"ಬ್ಯಾಡ ಬುಡು ಅಮ್ಮಿಣಿ. ಒಂದ್ ವರ್ಷ ಬುಟ್ರೆ ಏನಾಗ್ತದೆ?"

"ಬಿಡುವ ಹಾಗಿಲ್ಲ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅವರು ಲೋಟ ಕೆಳಗಿಟ್ಟು, "ನೋಡಾಣ" ಎಂದರು.

ಅಮಾವಾಸ್ಯೆಯ ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಂಡು, ಮಚ್ಚಿಗೆ ಅರಿಸಿನ ಹಚ್ಚಿ ತಂದೆ. ಅವರನ್ನು ಕರಿಬೇವಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕೊಳವೆ ಸರಿಮಾಡಿ, ಅಲ್ಲಿಂದಲೇ ಕೂಗಿದರೆ ಸಾಕು, ಓಡಿಬರಬೇಕಾಗಿಲ್ಲ ಎಂದು ಹೇಳಿ ಮರದ ಹತ್ತಿರ ಹೋದೆ. ಬೇಲ ಎಲೆಯೆಲ್ಲ ಉದುರಿಸಿ ಹೊಸ ಚಿಗುರು ಬಿಟ್ಟಿತ್ತು. ಒಂದೊಂದು ಕೊಂಬೆಯನ್ನೂ ಕಣ್ಣಿಟ್ಟು ನೋಡಿದೆ, ಹೂವಿನ ಸುಳಿವಿಲ್ಲ. ಒಳಗೊಳಗೆ ಸಂತೋಷವೇ ಆಯಿತು. ಹೂ ಬಿಟ್ಟಿದ್ದರೆ ನನ್ನ ಉಪಾಯ ಕೆಡುತ್ತಿತ್ತು.

ಮಚ್ಚು ಎತ್ತಿದೆ. "ಇಷ್ಟು ವರ್ಷ ನನ್ನ ನೀರು ಕುಡಿದೆ. ಒಂದು ಕಾಯಿ ಕೊಟ್ಟಿಲ್ಲ. ಇವತ್ತು ಕಡಿದು ಹಾಕುತ್ತೇನೆ!"

ಹಿಂದಿನಿಂದ ಸದ್ದಿಲ್ಲ. ಅಷ್ಟರಲ್ಲಿ ಸೂಲೂರಿನ ವಾಯುಪಡೆ ನೆಲೆಯ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಇಲ್ಲಿಯವರೆಲ್ಲ ಮಾಡುವ ಹಾಗೆ ಅದು ದಾಟುವವರೆಗೆ ನಾನೂ ಸುಮ್ಮನೆ ನಿಂತೆ. ಸದ್ದು ಅಡಗಿದ ಮೇಲೂ ಅವರ ದನಿ ಬರಲಿಲ್ಲ. ಕೈ ನೋಯಲು ಶುರುವಾಯಿತು. ತಿರುಗಿ ನೋಡಿದರೆ ಕುರ್ಚಿ ಖಾಲಿ, ಕೊಳವೆ ಅದರ ಕೈಮೇಲೆ ನೇತಾಡುತ್ತಿದೆ, ಅವರು ನಡೆದು ಬರುತ್ತಿದ್ದಾರೆ.

ನೆಲ್ಲಿಯ ಬುಡ ಹಿಡಿದು ನಿಂತರು. ಮತ್ತೆ ನಡೆದರು. ಸೀತಾಫಲದ ಹತ್ತಿರ ಮತ್ತೆ ನಿಂತು ಬಗ್ಗಿದರು. ಓಡಿಹೋಗಿ ಹಿಡಿದುಕೊಳ್ಳಬೇಕು ಅನ್ನಿಸಿತು, ಆದರೆ ಮಚ್ಚು ಇಳಿಸಿದರೆ ಅವರು ತಡೆಯುವುದು ಏನನ್ನು? ಇಳಿಸದೆ ನಿಂತೆ. ಎಂಥ ಹೆಂಗಸು ಎಂದು ಯಾರಾದರೂ ಕೇಳಿದರೆ ಕೇಳಲಿ. ಅವರು ಬಂದು ನನ್ನ ಮಣಿಕಟ್ಟು ಹಿಡಿದರು. ಬೆರಳು ತಣ್ಣಗಿದ್ದವು, ಉಗುರು ನೀಲಿಗಟ್ಟಿತ್ತು. ಉಸಿರು ಸಿಕ್ಕುವವರೆಗೆ ನನ್ನ ಕೈಯನ್ನೇ ಆಸರೆ ಮಾಡಿಕೊಂಡು ನಿಂತರು.

"ಬುಡು," ಎಂದರು. "ಕಡಿಬ್ಯಾಡ."

"ಆಮೇಲೆ?" ಎಂದೆ.

"ಬರೋ ವರ್ಷ ಕಾಯ್ ಬುಡ್ತದೆ."

"ಯಾರು ಹೊಣೆ?"

ಅವರು ನನ್ನನ್ನೇ ನೋಡಿದರು. ನನ್ನ ಹೊಟ್ಟೆಯಲ್ಲಿದ್ದದ್ದು ಅವರಿಗೆ ಪೂರ್ತಿ ಕಂಡಿತ್ತು. ಹಿಂದಿನ ದಿನ ಲೋಟದೊಳಗೆ ನೋಡಿದಾಗಲೇ ಕಂಡಿತ್ತೋ ಏನೋ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದು, ಬಸ್ಸಿನಲ್ಲಿ ನಾವಿಬ್ಬರೂ ಆಡದೆ ಬಿಟ್ಟದ್ದು, ಎಲ್ಲ ಅವರಿಗೆ ಗೊತ್ತಿತ್ತು. ಹೇಳಿಬಿಡಿ, ಒಂದು ಸಲ ಸುಳ್ಳಾದರೂ ಹೇಳಿ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ.

"ನೀನೇ ಪೊರುಪ್ಪು, ಅಮ್ಮಿಣಿ," ಎಂದರು. ಉಸಿರು ತೆಗೆದುಕೊಂಡು, ಮೆಲ್ಲಗೆ ಸೇರಿಸಿದರು. "ಬುಡದಿದ್ರೆ ನನ್ನ ಕೇಳಬ್ಯಾಡ."

ನಾನು ಮಚ್ಚನ್ನು ನೆಲಕ್ಕೆ ಬಿಸಾಡಿದೆ. ಪದ್ಧತಿ ಪ್ರಕಾರ ಮಲಗಿಸಬೇಕು, ಅರಿಸಿನದ ನೀರು ಹೊಯ್ಯಬೇಕು, ಏನನ್ನೂ ಮಾಡಲಿಲ್ಲ. "ಮಚ್ಚು ಎತ್ತಿದವಳೇ ಹೊಣೆ ಹೇಗಾಗುತ್ತಾಳೆ? ಯಾವ ಊರಿನ ನ್ಯಾಯ ಇದು?" ಎಂದು ಕೂಗಾಡಿದೆ. ಅವರು ಮರಕ್ಕೆ ಒರಗಿ ನಿಂತು ಕೇಳಿಸಿಕೊಂಡರು. ಆಮೇಲೆ ಕೈ ಚಾಚಿದರು. ನಾನು ಹೆಗಲು ಕೊಟ್ಟು ಕುರ್ಚಿಯವರೆಗೆ ಕರೆತಂದು, ಕೊಳವೆಯನ್ನು ಮೂಗಿಗೆ ಹಾಕಿದೆ. ಆ ದಿನ ಪೂರ್ತಿ ಅವರ ಜೊತೆ ಮಾತಾಡಲಿಲ್ಲ. ಊಟದ ತಟ್ಟೆಯನ್ನು ಸದ್ದು ಮಾಡಿ ಇಟ್ಟೆ, ನೀರಿನ ಲೋಟವನ್ನು ಅದಕ್ಕಿಂತ ಸದ್ದು ಮಾಡಿ ಇಟ್ಟೆ. ಇದ್ದ ದಿನಗಳೇ ಕಡಿಮೆ, ಅದರಲ್ಲಿ ಒಂದನ್ನು ನಾನು ಹಾಗೆ ಖರ್ಚು ಮಾಡಿದೆ. ಆದರೂ ಆ ಸಿಟ್ಟಿಗೆ ನಾನು ಇವತ್ತಿಗೂ ಕ್ಷಮೆ ಕೇಳಲಾರೆ. ಜೊತೆಗಿರಿ ಎಂದು ಕೇಳುವುದಕ್ಕೆ ನನಗೆ ಗೊತ್ತಿದ್ದ ರೀತಿ ಅದೊಂದೇ.

ಮರುದಿನ ಯುಗಾದಿ. ಬೇವಿನ ಹೂ, ಬೆಲ್ಲ ಕಲಸಿ ಕೈಗೆ ಕೊಟ್ಟಾಗ ಅವರು, "ಬೆಲ್ಲ ಜಾಸ್ತಿ ಹಾಕಿದ್ಯಾ, ಇಲ್ಲ ಕೋಪ ಹೋಯ್ತಾ?" ಎಂದರು. ಕೋಪ ಹೋಗಿಲ್ಲ ಎಂದೆ. "ಹೋಗದು ಬ್ಯಾಡ," ಎಂದು ನಕ್ಕರು. ನಕ್ಕರೆ ಕೆಮ್ಮು ಬರುತ್ತಿತ್ತು, ಬಂತು.

ಆಷಾಢದ ಹೊತ್ತಿನ ಆಡಿ ತಿಂಗಳಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನಮ್ಮ ಕಡೆಗೆ ಬಾಗಿಲು ಕಿತ್ತುಹೋಗುವಂಥ ಗಾಳಿ ಬೀಸುತ್ತದೆ. ಹಿತ್ತಲ ಮರಗಳೆಲ್ಲ ಒಂದೇ ಕಡೆಗೆ ಬಾಗಿ ಒದ್ದಾಡುವ ತಿಂಗಳು. ಲೋಕದಲ್ಲಿ ಅಷ್ಟೊಂದು ಗಾಳಿ ಇದ್ದ ದಿನಗಳಲ್ಲೇ ನನ್ನ ಗಂಡನಿಗೆ ಉಸಿರಾಡಲು ಗಾಳಿ ಸಾಲದೆ ಹೋಯಿತು. ಮಧ್ಯಾಹ್ನ, ಮಗಳೂ ನಾನೂ ಪಕ್ಕದಲ್ಲಿದ್ದಾಗ ಹೋದರು. ಮೆಷಿನ್ ಇನ್ನೂ ಗುರ್ರೆನ್ನುತ್ತಲೇ ಇತ್ತು. ಅದನ್ನು ಆರಿಸಬೇಕು ಎಂದು ನಮ್ಮಿಬ್ಬರಿಗೂ ತುಂಬ ಹೊತ್ತು ಹೊಳೆಯಲಿಲ್ಲ.

ಆಮೇಲಿನ ತಿಂಗಳುಗಳನ್ನು ಹೇಗೆ ಕಳೆದೆನೋ ಸರಿಯಾಗಿ ನೆನಪಿಲ್ಲ. ಗಿಡಗಳಿಗೆ ನೀರು ಬಿಟ್ಟೆ, ಯಾಕೆಂದರೆ ಬಿಡದಿದ್ದರೆ ಒಣಗುತ್ತವೆ. ಅಷ್ಟು ಬಿಟ್ಟರೆ ಅವುಗಳ ಮುಖ ನೋಡಲಿಲ್ಲ. ಬೇಲದ ಮರದ ಕಡೆಗಂತೂ ದೂರದಿಂದಲೇ ನೀರಿನ ಕೊಳವೆ ಎಸೆದು ಬರುತ್ತಿದ್ದೆ.

ಆದರೆ ಈ ವರ್ಷ ಮಾಸಿ ಬಂದಂತೆ ನನ್ನ ತಲೆಯಲ್ಲಿ ಒಂದು ಯೋಚನೆ ಬೆಳೆಯಿತು. ಅಮಾವಾಸ್ಯೆಯ ಬೆಳಿಗ್ಗೆ ಮತ್ತೆ ಮಚ್ಚು ಹಿಡಿದು ಹೋಗಬೇಕು. ಮರ ಎಂದಿನಂತೆ ಹೂವಿಲ್ಲದೆ ನಿಂತಿರುತ್ತದೆ. ಮಚ್ಚು ಎತ್ತಿ ಬೈದು, ಕಾಯುತ್ತಾ ನಿಲ್ಲಬೇಕು. ಹಿಂದೆ ಹೆಜ್ಜೆಯ ಸದ್ದಾಗುವುದಿಲ್ಲ ಎಂದು ಗೊತ್ತು, ನನಗೇನು ಮರುಳು ಹಿಡಿದಿಲ್ಲ. ಆದರೂ ಅವರು ಬರುವ ದಾರಿ ಅದು. ನೆಲ್ಲಿಯ ಹತ್ತಿರ ನಿಂತು, ಸೀತಾಫಲದ ಹತ್ತಿರ ಬಗ್ಗಿ, ನನ್ನ ಕೈ ಹಿಡಿಯಲು ಬಂದಿದ್ದ ದಾರಿ. ಅಷ್ಟು ಹೊತ್ತು ಕಾಯುವ ಹಕ್ಕು ನನಗೆ ಬೇಕಿತ್ತು. ವರ್ಷಕ್ಕೊಮ್ಮೆ ಸಾಕು.

ಮಗಳು ಫೋನಿನಲ್ಲಿ, "ಅಮ್ಮಾ, ಅಮಾಸೆಗೆ ನಾನ್ ಬರ್ಲಾ? ನಾನ್ ಪೊರುಪ್ಪು ಹೇಳ್ತೀನಿ, ನೀ ಒಬ್ಳೇ ಏನ್ ಮಾಡ್ತೀಯಾ?" ಎಂದಳು. ಬೇಡ, ಹಬ್ಬಕ್ಕೆ ಬಾ ಸಾಕು ಎಂದೆ. ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಅಮಾವಾಸ್ಯೆ ಬಂತು. ತಲೆಗೆ ನೀರು ಹಾಕಿಕೊಂಡು, ಮಚ್ಚಿಗೆ ಅರಿಸಿನ ಹಚ್ಚಿಕೊಂಡು ಹಿತ್ತಲ ಕೊನೆಗೆ ನಡೆದೆ. ಮರದ ಹತ್ತಿರ ಹೋಗುವಷ್ಟರಲ್ಲಿ ಜೇನುಹುಳಗಳ ಸದ್ದು ಕೇಳಿಸಿತು. ತಲೆ ಎತ್ತಿದೆ. ಹೊಸ ಎಲೆಗಳ ಸಂದಿಯಲ್ಲಿ, ಮುಳ್ಳುಗಳ ಪಕ್ಕದಲ್ಲಿ, ಹಸಿರಿಗೆ ಕೆಂಪು ತಾಗಿದ ಚಿಕ್ಕ ಚಿಕ್ಕ ಹೂವು. ಒಂದು ಕೊಂಬೆಯಲ್ಲಲ್ಲ, ಎಲ್ಲ ಕೊಂಬೆಗಳಲ್ಲಿ. ನೆಲದ ಮೇಲೂ ಉದುರಿ ಬಿದ್ದಿದ್ದವು, ನಾನು ಅವುಗಳ ಮೇಲೆಯೇ ನಿಂತಿದ್ದೆ. ನೀರಿನ ಕೊಳವೆ ಎಸೆದು ಬರುತ್ತಿದ್ದವಳಿಗೆ ಎಷ್ಟು ದಿನದಿಂದ ಹೂ ಬಿಟ್ಟಿದೆ ಎನ್ನುವುದೂ ಗೊತ್ತಿರಲಿಲ್ಲ.

ಹೂ ಬಿಟ್ಟ ಮರವನ್ನು ಬೆದರಿಸುವ ಹಾಗಿಲ್ಲ.

ಹೊಣೆಯನ್ನು ಅವರು ನನ್ನ ಮೇಲೆ ಹಾಕಿ ಹೋಗಿದ್ದರು, ಮರ ಅದನ್ನು ನಡೆಸಿಕೊಟ್ಟಿತ್ತು. ಸಂತೋಷಪಡಬೇಕಾದ ಹೊತ್ತು ಎಂದು ನನಗೆ ಗೊತ್ತಿತ್ತು. ಬಂದದ್ದು ಮಾತ್ರ ಸಂತೋಷವಲ್ಲ. ಒಂದು ಬೀಜ ಬೂದಿಯಲ್ಲಿ ಉಜ್ಜಿ ನೆಟ್ಟ ಮನುಷ್ಯ ಇಷ್ಟು ವರ್ಷ ಇಲ್ಲೇ ಇದ್ದ. ಹೋದ ಸಲ ಇದೇ ಬುಡಕ್ಕೆ ಒರಗಿ ಉಸಿರಿಗಾಗಿ ಒದ್ದಾಡಿದ. ಆಗ ಒಂದು ಹೂ ತೋರಿಸಲು ಆಗದ ಮರ, ನೋಡುವ ಕಣ್ಣು ಹೋದ ಮೇಲೆ ಮೈತುಂಬ ಬಿಟ್ಟುಕೊಂಡು ನಿಂತಿದೆ. ನನಗೆ ಉಳಿದಿದ್ದ ಒಂದು ಬೆಳಗನ್ನೂ ಕಿತ್ತುಕೊಂಡಿದೆ.

ಮಚ್ಚು ಎತ್ತಿದೆ. ಅತ್ತೆ ಹೇಳಿದ್ದರಲ್ಲ, ಎತ್ತಿದರೆ ನಿಜವಾಗಿ ಕಡಿಯುವ ಹಾಗೆ ಎತ್ತಬೇಕೆಂದು. ನಾನು ಅವತ್ತು ಎತ್ತಿದ್ದು ಹಾಗೆ. ಮೊದಲ ಏಟು ಎಲ್ಲಿ ಬೀಳಬೇಕೆಂದು ಬುಡದಲ್ಲಿ ಜಾಗವನ್ನೂ ನೋಡಿಕೊಂಡಿದ್ದೆ. ಬೈಗುಳ ಬಾಯಿಗೆ ಬರಲಿಲ್ಲ, ಅಳುವೂ ಬರಲಿಲ್ಲ. ಜೇನುಹುಳಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ಕೈ ಮೇಲೆಯೇ ಇತ್ತು, ಹಿಂದಿನಿಂದ ಯಾರೂ ಬರಲಿಲ್ಲ.

ಕೊನೆಗೆ ಎಡಗೈ ಎತ್ತಿ ನನ್ನ ಬಲಗೈಯ ಮಣಿಕಟ್ಟನ್ನು ನಾನೇ ಹಿಡಿದುಕೊಂಡೆ. ಅವರು ಹಿಡಿದ ಜಾಗದಲ್ಲೇ.

"ಬುಡು, ಕಡಿಬ್ಯಾಡ," ಎಂದೆ. ನನ್ನ ಕನ್ನಡದಲ್ಲಿ ಅಲ್ಲ, ಅವರದರಲ್ಲಿ. "ಕಾಯ್ ಬುಡ್ತದೆ. ನಾನ್ ಪೊರುಪ್ಪು."

ಮಚ್ಚನ್ನು ಬುಡದಲ್ಲಿ ಮಲಗಿಸಿದೆ. ಹೋದ ವರ್ಷದ್ದೂ ಸೇರಿಸಿ ಅರಿಸಿನದ ನೀರು ಹೊಯ್ದೆ, ಮರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆ ಮಾತಿನಲ್ಲಿ ಇನ್ನೊಂದು ಸಾಲು ಬಾಕಿ ಇತ್ತು. ಕರಿಬೇವಿನ ಕಡೆಗೆ, ಖಾಲಿ ಕುರ್ಚಿಯ ಕಡೆಗೆ ತಿರುಗಿ ಅದನ್ನೂ ಹೇಳಿದೆ.

"ಬುಡದಿದ್ರೆ ನೀವು ಬಂದು ನನ್ನ ಕೇಳಿ."

ಹೇಳಿದ ಮೇಲೆ ಆ ಹೂವಿನಲ್ಲಿ ಒಂದೂ ಕಾಯಾಗದಿದ್ದರೂ ಪರವಾಗಿಲ್ಲ ಅನ್ನಿಸಿತು.